ಸಿಸಿಲಿಯಾ ಮೇಡಂಗೆ ಹೇಸಿಗೆಯಾದದ್ದು

ಸಿಸಿಲಿಯಾ ಮೇಡಂಗೆ ಸಿಟ್ಟು ಬರುತ್ತಿರಲಿಲ್ಲ, ಹೇಸಿಗೆಯಾಗುತ್ತಿತ್ತು. ಬೇರೆಯವರು ಬೈಯುವಲ್ಲಿ ಅವರು ಮೂಗಿನ ಒಂದು ಬದಿಯನ್ನು ಮೇಲಕ್ಕೆಳೆದು, ಕಾಲ ಬಳಿ ಸತ್ತ ಇಲಿ ಬಿದ್ದಿದೆಯೋ ಎಂಬಂತೆ ತುಸು ಹಿಂದೆ ಸರಿಯುತ್ತಿದ್ದರು. ಬೆಳಿಗ್ಗೆ ಬಂದವರೇ ಹತ್ತಿಗೆ ಸ್ಪಿರಿಟ್ ಹಾಕಿ ಎಲ್ಲರ ಕೀಬೋರ್ಡ್ ಒರೆಸುವರು. ಕಪ್ಪಾದ ಹತ್ತಿಯನ್ನು ನಮ್ಮ ಮುಖದ ಮುಂದೆ ಹಿಡಿದು, "ನೋಡಿ, ಇದು ನಿಮ್ಮ ಬೆರಳು. ಇದೇ ಬೆರಳಲ್ಲಿ ಅಲ್ವಾ ಊಟ ಮಾಡುವುದು?" ಎನ್ನುವರು.

ಎರಡು ಸಾವಿರದ ಆಚೀಚಿನ ವರ್ಷಗಳು. ಡಿಪ್ಲೊಮಾ ಮುಗಿಸಿದ ನಾನು ಕಲ್ಲಡ್ಕದಿಂದ ಬಸ್ಸು ಹಿಡಿದು ಬಂಟ್ವಾಳದ ಒಂದು ಸಣ್ಣ ಕಾರ್ಖಾನೆಗೆ ಡ್ರಾಯಿಂಗ್ ಮಾಡಲು ಹೋಗುತ್ತಿದ್ದೆ. ಗೇರುಬೀಜವನ್ನು ಹಬೆಯಲ್ಲಿ ಬೇಯಿಸುವ ದೊಡ್ಡ ಕುಕ್ಕರುಗಳನ್ನು ಅಲ್ಲಿ ತಯಾರಿಸುತ್ತಿದ್ದರು. ನಾನು ಸೇರಿದ ಮರುವರ್ಷ ಮೇಡಂ ನಮ್ಮ ವಿಭಾಗದ ಮುಖ್ಯಸ್ಥೆಯಾಗಿ ಬಂದರು. ಮೂಡಬಿದ್ರೆಯವರು. ಮದುವೆಯಾಗಿರಲಿಲ್ಲ. ಮುಂಬಯಿಯಲ್ಲಿ ದುಡಿಯುತ್ತಿದ್ದವರು ತಾಯಿಯನ್ನು ನೋಡಿಕೊಳ್ಳಲೆಂದು ಊರಿಗೆ ಮರಳಿದ್ದರು.

ಕುಕ್ಕರಿನ ಮುಚ್ಚಳದ ಆಕಾರ ಒಂದೇ, ಅಳತೆ ಮಾತ್ರ ಬೇರೆ ಬೇರೆ. ಹೊಸ ಅಳತೆ ಬಂದಾಗಲೆಲ್ಲ ನಾವು ಹಳೆಯ ಫೈಲನ್ನು ನಕಲು ಮಾಡಿ, 'ಫೈನಲ್', 'ಫೈನಲ್ ಹೊಸತು', 'ಫೈನಲ್ ಇದೇ' ಎಂದು ಹೆಸರಿಟ್ಟು ತುಂಬಿಸಿದ್ದೆವು. ಮೇಡಂ ಬಂದ ದಿನ ನನ್ನ ಕಂಪ್ಯೂಟರಿನಲ್ಲಿ ಅದನ್ನು ಕಂಡರು. ಮೂಗು ಮೇಲೇರಿತು.

"ಛೀ! ಇದೆಂಥದು ಮಾರಾಯ್ತಿ? ಎಂಜಲು ಬಟ್ಟಲು ತೊಳೆಯದೆ ಅದರ ಮೇಲೆ ಇನ್ನೊಂದು ಇಟ್ಟ ಹಾಗೆ ಉಂಟು."

ಆಮೇಲೆ ಕುರ್ಚಿ ಎಳೆದು ಕೂತು ಕಲಿಸಿದರು. ಮುಚ್ಚಳದ ಫೈಲು ಒಂದೇ. ಅದರ ಜೊತೆಗೊಂದು ಎಕ್ಸೆಲ್ ಹಾಳೆ. ಹಾಳೆಯ ಒಂದೊಂದು ಸಾಲು ಒಂದೊಂದು ಅಳತೆಯ ಮುಚ್ಚಳ. ವ್ಯಾಸ, ದಪ್ಪ, ಬೋಲ್ಟುಗಳ ಸಂಖ್ಯೆ, ಇವಕ್ಕೆಲ್ಲ ಒಂದೊಂದು ಮನೆ. ಮನೆಯಲ್ಲಿರುವ ಅಂಕಿ ಬದಲಿಸಿದರೆ ತೆರೆಯ ಮೇಲಿನ ಮುಚ್ಚಳ ತಾನಾಗಿ ಹಿಗ್ಗುತ್ತದೆ, ಕುಗ್ಗುತ್ತದೆ. ಮೊದಲ ಸಲ ಅದನ್ನು ಕಂಡಾಗ ನನಗೆ ಚಪ್ಪಾಳೆ ತಟ್ಟಬೇಕೆನಿಸಿತ್ತು. ಮೇಡಂ ಮಾತ್ರ, "ಕುಣಿಯಬೇಡ. ತಪ್ಪು ಅಂಕಿ ಹಾಕಿದರೂ ಇದು ಇಷ್ಟೇ ಚಂದ ತೋರಿಸ್ತದೆ," ಎಂದರು.

ಆ ಹಾಳೆಯನ್ನು ಅವರು ಮುಚ್ಚಳದ ಫೈಲಿನ ಒಳಗೇ ಇಟ್ಟಿದ್ದರು. ಆದರೆ ಕಾರ್ಖಾನೆಯ ಮಾಲೀಕರು, ನಾವೆಲ್ಲ ಧಣಿಗಳು ಎನ್ನುತ್ತಿದ್ದವರು, ದರಪಟ್ಟಿ ಮಾಡುವ ಮುಂದಿನ ಕೋಣೆಗೂ ಅದು ಸಿಗಬೇಕೆಂದು ಹಟ ಹಿಡಿದರು. ಕೊನೆಗೆ ಹಾಳೆಯನ್ನು ಹೊರಗಿಟ್ಟು ಮುಚ್ಚಳಕ್ಕೆ ಲಿಂಕ್ ಮಾಡಬೇಕಾಯಿತು.

"ಅಡಿಗೆಕೋಣೆಯ ಬಾಗಿಲನ್ನು ಮಾರ್ಗಕ್ಕೆ ತೆರೆದಿಟ್ಟ ಹಾಗಾಯ್ತು," ಎಂದು ಮೇಡಂ ಗೊಣಗಿದರು. "ಯಾವ ನಾಯಿ ಬಾಯಿ ಹಾಕ್ತದೆ ಅಂತ ಕಾಯ್ತಾ ಕೂರಬೇಕು."

ಬಾಯಿ ಹಾಕಿದ್ದು ಧಣಿಗಳ ಅಕ್ಕನ ಮಗ ಪ್ರವೀಣ. ಮುಂದಿನ ಕೋಣೆ ಅವನದು. ಒಂದು ಮಧ್ಯಾಹ್ನ ಮೇಡಂ ಶೆಡ್ಡಿನಲ್ಲಿ ನಡೆದುಹೋಗುವಾಗ, ಕತ್ತರಿಸಿಟ್ಟಿದ್ದ ಮುಚ್ಚಳವೊಂದನ್ನು ಕಂಡು ನಿಂತರು. ಅಂಚಿಗೆ ಅಳತೆ ಹಿಡಿದು ನೋಡಿದರು. ತಾವು ಹಾಳೆಯಲ್ಲಿ ಹಾಕಿದ್ದಕ್ಕಿಂತ ತೆಳ್ಳಗಿತ್ತು. ಡ್ರಾಯಿಂಗ್ ತರಿಸಿದರೆ ಅದರಲ್ಲೂ ಅದೇ ತೆಳು ಅಳತೆ, ಕೆಳಗೆ ಮೇಡಂ ಹೆಸರು. ನಮ್ಮಲ್ಲಿ ಯಾರೂ ಅದನ್ನು ಮುಟ್ಟಿರಲಿಲ್ಲ.

ಪ್ರವೀಣ ಮುಚ್ಚಿಡಲೂ ಇಲ್ಲ. ನಗುತ್ತಾ, "ನಾನೇ ಮೇಡಂ. ಕಬ್ಬಿಣ ಉಳೀತದೆ ಅಂತ ದಪ್ಪ ಕಡಿಮೆ ಹಾಕಿದೆ. ಒಂದು ನಂಬರು ಬದಲಿಸಿದರೆ ಡ್ರಾಯಿಂಗ್ ತಾನೇ ಬದಲಾಗ್ತದೆ ಅಂತ ನೀವೇ ಅಲ್ವಾ ಹೇಳಿಕೊಟ್ಟದ್ದು?" ಎಂದ. ಚಾದ ಜೊತೆ ತಿನ್ನುತ್ತಿದ್ದ ಬಾಳೆಕಾಯಿ ಪೋಡಿಯ ಎಣ್ಣೆಯನ್ನು ಮೌಸಿನ ಮೇಲೆಯೇ ಸವರಿದ.

ಧಣಿಗಳು ಕಾರಿನ ಕೀಲಿಯಲ್ಲಿ ಕಿವಿ ಕೆರೆಯುತ್ತಾ ಎಲ್ಲ ಕೇಳಿದರು. ಕೀಲಿಯ ತುದಿಗೆ ಬಂದದ್ದನ್ನು ನೋಡಿ, ಪ್ಯಾಂಟಿಗೆ ಒರೆಸಿಕೊಂಡರು.

"ಇಷ್ಟರವರೆಗೆ ನಮ್ಮ ಮುಚ್ಚಳ ಹಾರಿದ್ದುಂಟಾ ಮೇಡಂ? ಬೆಳ್ತಂಗಡಿಯ ಗೇರುಬೀಜ ಕಾರ್ಖಾನೆಗೆ ಇಂಥದೇ ಒಂದು ಹೋದದ್ದು ಹೋಯ್ತು. ಇನ್ನು ಮೇಲೆ ನೋಡುವ."

"ಹೋಗಿದೆಯಾ?" ಮೇಡಂ ಕೇಳಿದರು.

ಮರುದಿನ ನನ್ನನ್ನು ಕರೆದುಕೊಂಡು ಬೆಳ್ತಂಗಡಿ ಬಸ್ಸು ಹತ್ತಿದರು. ಆ ಗೇರುಬೀಜ ಕಾರ್ಖಾನೆಯ ಮೆನೇಜರು ಎಲ್ಲವನ್ನೂ ಆಸಕ್ತಿಯಿಂದ ಕೇಳಿ, ನಮ್ಮೆದುರೇ ಧಣಿಗಳಿಗೆ ಫೋನು ಹಚ್ಚಿದರು. ದಬಾಯಿಸುತ್ತಾರೆ ಎಂದುಕೊಂಡೆ. "ಮಾಲು ತೆಳ್ಳಗುಂಟಂತೆ, ಹಾಗಾದರೆ ರೇಟು ಇಳಿಸಿ," ಎಂದು ಚೌಕಾಸಿಗೆ ಕೂತರು! ಫೋನಿಟ್ಟು ನಮ್ಮ ಕಡೆ ತಿರುಗಿ, "ಒಳ್ಳೆಯದಾಯ್ತು ನೀವು ಬಂದದ್ದು. ಮುಚ್ಚಳ ಸೀಸನ್ ಮುಗಿದ ಮೇಲೆ ಬದಲಿಸಿದರಾಯ್ತು. ಚಾ ಕುಡಿಯುವ?" ಎಂದರು.

ಮೇಡಂ ಎದ್ದು ನಿಂತರು. ಅವರ ಮುಖ ಅಷ್ಟು ಬಿಳಿಚಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಚಾ ಬೇಡವೆಂದೂ ಹೇಳದೆ ನೇರ ಕುಕ್ಕರಿನ ಬಳಿ ಹೋದರು. ಬೀಜ ತುಂಬುತ್ತಿದ್ದ ಹೆಂಗಸರನ್ನು ನಿಲ್ಲಿಸಿ ತುಳುವಿನಲ್ಲಿ ಹೇಳಿದರು: "ಈ ಮುಚ್ಚಳ ನನ್ನ ಹೆಸರಿನಲ್ಲಿ ಬಂದಿದೆ. ನಾನು ಹೇಳಿದ ದಪ್ಪ ಇದಕ್ಕಿಲ್ಲ. ಹಬೆ ಏರಿದಾಗ ತಡೀತದೆ ಅಂತ ಹೇಳಲಿಕ್ಕೆ ನನಗೆ ಆಗುವುದಿಲ್ಲ. ಹತ್ತಿರ ನಿಲ್ಲಬೇಡಿ."

ಅವರಲ್ಲಿ ಹಿರಿಯಳಾದ ಲಲಿತಕ್ಕ ಎಂಬವಳು ಬೀಜದ ಎಣ್ಣೆಗೆ ಕಪ್ಪಾಗಿದ್ದ ಕೈಯನ್ನು ಗೋಣಿಗೆ ಒರೆಸಿ, ಹಬೆಯ ಕೊಳವೆಯ ತಿರುಪು ಮುಚ್ಚಿದಳು. "ಹಾಗಾದರೆ ಮೆನೇಜರೇ ಬಂದು ನಿಲ್ಲಲಿ," ಎಂದು ಅಂಗಳಕ್ಕೆ ನಡೆದಳು. ಉಳಿದವರೂ ಹಿಂಬಾಲಿಸಿ ಅಲ್ಲೇ ಕೂತರು. ಮೆನೇಜರು ಮೊದಲು ನಕ್ಕರು, ಆಮೇಲೆ ಗದರಿದರು. ಹೆಂಗಸರು ಏಳಲಿಲ್ಲ. ಸಂಜೆಯೊಳಗೆ ಧಣಿಗಳು ಹೊಸ ಮುಚ್ಚಳ ಕಳಿಸಲು ಒಪ್ಪಬೇಕಾಯಿತು.

ಯಾರಿಗೂ ಏನೂ ಆಗಲಿಲ್ಲ. ಮೇಡಂ ಕೆಲಸ ಮಾತ್ರ ಹೋಯಿತು. ನಾವು ಮರಳಿದಾಗ ಅವರ ಚೀಲ, ಕೊಡೆ, ಸ್ಪಿರಿಟಿನ ಬಾಟಲಿ ಗೇಟಿನ ಹೊರಗಿದ್ದವು. ಕಂಪೆನಿಯ ಫೈಲು ಕದ್ದು ಮಾರಿದರೆಂದು ಪ್ರವೀಣ ಸುದ್ದಿ ಹಬ್ಬಿಸಿದ. ಆ ಮಾತು ಉಜಿರೆಯವರೆಗೂ ಹೋಗಿ, ಅಲ್ಲಿ ಅವರಿಗೆ ಸಿಗಬೇಕಿದ್ದ ಒಂದು ಕೆಲಸವನ್ನೂ ತಪ್ಪಿಸಿತು. ನನ್ನನ್ನು ಉಳಿಸಿಕೊಂಡರು, ಡ್ರಾಯಿಂಗ್ ತೆಗೆಯಲು ಜನ ಸಾಲುತ್ತಿರಲಿಲ್ಲ. ಮನೆ ನಡೆಯುತ್ತಿದ್ದದ್ದು ನನ್ನ ಸಂಬಳದಲ್ಲಿ. ದಿನಾ ಆ ಎಣ್ಣೆ ಮೌಸನ್ನು ಕಂಡು ವಾಕರಿಕೆ ನುಂಗುತ್ತಿದ್ದೆ.

ಪ್ರವೀಣ ಹಾಳೆಯ ಮನೆಗಳನ್ನು ಅಡ್ಡಾದಿಡ್ಡಿ ಸರಿಸಿ, ಬರಬರುತ್ತಾ ಕಂಪ್ಯೂಟರಿನಲ್ಲಿ ಒಂದು ಮುಚ್ಚಳದ ಡ್ರಾಯಿಂಗೂ ತೆರೆಯದ ಸ್ಥಿತಿಗೆ ತಂದಿಟ್ಟ. ನನ್ನ ಕೈಯಲ್ಲೂ ಅದು ಸರಿಯಾಗಲಿಲ್ಲ. ಆಗ ಧಣಿಗಳಿಗೆ ಮೇಡಂ ನೆನಪಾದರು. ಸೇಬಿನ ಪೊಟ್ಟಣ ಹಿಡಿದು, ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಮೂಡಬಿದ್ರೆಗೆ ಹೊರಟರು. ಮೇಡಂ ಜೊತೆ ನನ್ನ ಕೊನೆಯ ಭೇಟಿ ಅದೇ. ತಾಯಿ ತೀರಿದ ಮೇಲೆ ಅವರು ತಮ್ಮನಿದ್ದ ಗೋವಾಕ್ಕೆ ಹೋದರು, ಅಲ್ಲೇ ತೀರಿಕೊಂಡರೆಂದು ಆಮೇಲೆ ಕೇಳಿದೆ.

ಜಗಲಿಯಲ್ಲಿ ಧಣಿಗಳು ಹಲ್ಲು ಬಿಟ್ಟರು. "ಹಳೆಯದೆಲ್ಲ ಮರೆಯುವ ಮೇಡಂ. ಹುಡುಗ, ಗೊತ್ತಾಗದೆ ಮಾಡಿದ."

"ಅವನಿಗೆ ಗೊತ್ತಿರಲಿಲ್ಲ, ಸರಿ. ನಿಮಗೆ ಗೊತ್ತಿತ್ತು," ಎಂದರು ಮೇಡಂ. ಸೇಬಿನ ಕಡೆ ನೋಡಲಿಲ್ಲ. ಊಟದ ಹೊತ್ತಾಗಿತ್ತು. ನಮ್ಮ ಕಡೆ ಆ ಹೊತ್ತಿಗೆ ಬಂದವರನ್ನು, ಹಗೆಯೇ ಆಗಿರಲಿ, ಉಣಿಸದೆ ಕಳಿಸುವುದಿಲ್ಲ. ಮೇಡಂ ನನ್ನೊಬ್ಬಳನ್ನೇ ನೋಡಿ, "ಝುಬೈದಾ, ಒಳಗೆ ಬಾ. ಬಂಗುಡೆ ಮೀನಿನ ಸಾರು ಉಂಟು, ನಿನಗೆ ಆಗ್ತದೆ," ಎಂದು ಬಾಗಿಲ ಬಳಿ ನಿಂತರು. ಧಣಿಗಳ ಮುಖ ಕೆಂಪಾಯಿತು. ಎದ್ದು ಕಾರಿಗೆ ಹೋದರು.

ನಾನು ಎರಡು ತುತ್ತು ತಿಂದಿರಬೇಕು, ಹೊರಗೆ ಹಾರ್ನ್ ಕೇಳಿಸಿತು. ಮೇಡಂ ಸೌಟು ಹಿಡಿದು ನಿಂತಿದ್ದರು. ಮತ್ತೊಮ್ಮೆ ಹಾರ್ನ್, ಈ ಸಲ ಉದ್ದಕ್ಕೆ.

"ಹೋಗಬೇಕಾ?" ಎಂದು ಕೇಳಿದರು.

ನಾನು ಬಟ್ಟಲನ್ನು ಅವರ ಕಡೆ ಸರಿಸಿದೆ. "ಸ್ವಲ್ಪ ಅನ್ನ ಹಾಕಿ ಮೇಡಂ."

ಅವರು ಅನ್ನ ಬಡಿಸಿ ಎದುರು ಕೂತರು. ಸ್ವಲ್ಪ ಹೊತ್ತಿನಲ್ಲಿ ಕಾರು ಹೊರಟ ಸದ್ದು ಕೇಳಿಸಿತು.