ಪಟ್ಟಿಯಿಂದ ಕಳೆದುಹೋದ ಕೋಟೆ

ಲಿಫ್ಟ್ ರಿಪೇರಿಯವನು ಸರಿಮಾಡಿದ ಲಿಫ್ಟುಗಳಲ್ಲಿ ಮೇಲೇರಿದವರನ್ನೆಲ್ಲ ಒಬ್ಬರ ಮೇಲೊಬ್ಬರನ್ನು ನಿಲ್ಲಿಸಿದರೆ, ತುದಿಯವನ ಟೋಪಿ ಚಂದ್ರನಿಗೆ ತಾಗೀತು. ಅಂಥವನು ಹೆಂಡತಿಯೊಡನೆ ದೆಹಲಿ, ಆಗ್ರಾ, ಗ್ವಾಲಿಯರ್ ಸುತ್ತಲು ಪಟ್ಟಿ ಹಾಕುತ್ತ ಕೂತಿದ್ದ. ಅವಳ ಮಂಡಿನೋವು ನೆನೆದು, ಮೆಟ್ಟಿಲಿರುವ ಜಾಗಗಳನ್ನೆಲ್ಲ ಸದ್ದಿಲ್ಲದೆ ಹೊಡೆದುಹಾಕಿದ. ಉಳಿದದ್ದು ನಾಲ್ಕು ತೋಟ, ಮೂರು ಹೋಟೆಲು.

ಪಟ್ಟಿ ಓದಿದ ಹೆಂಡತಿಯ ಮುಖ ಸಣ್ಣದಾಯಿತು. "ಮದುವೆಯಾದಾಗಿಂದ ಗ್ವಾಲಿಯರ್ ಕೋಟೆ ನೋಡ್ಬೇಕು ಅಂತಿದೀನಿ. ಅದೆಲ್ಲಿ ಹೋಯ್ತ್ರೀ?"

"ನಿನ್ನ ಮಂಡಿ ಕಣೇ. ಅಲ್ಲಿ ಲಿಫ್ಟ್ ಇರುತ್ತೋ ಇಲ್ವೋ."

"ಹತ್ತು ಮೆಟ್ಟಿಲು ಹತ್ತೋದು, ಕೂತ್ಕೊಳ್ಳೋದು. ನಿಮ್ಮ ಲಿಫ್ಟೂ ಮಹಡಿ ಮಹಡಿಗೂ ನಿಲ್ಲಲ್ವಾ?"

ಅವನು ತಲೆ ಕೆರೆದುಕೊಂಡು ಕೋಟೆಯನ್ನು ಮತ್ತೆ ಬರೆದ. ಹೊಡೆದುಹಾಕುವ ಮೊದಲು ಅದಕ್ಕೆ ಒಂದು ಗಂಟೆ ಇಟ್ಟಿದ್ದ. ಈಗ ಇಡೀ ದಿನ ಎಂದು ಬರೆದು, ಅವಳ ಪಕ್ಕಕ್ಕೆ ಸರಿದು ಕೂತ.