ಎಬೊ ಹೇಳಿದ ‘ಫೈನ್’

ಮಂಗಳವಾರ ನಮ್ಮ ಫಾಂಟಿ ಜನರ ತೀರದಲ್ಲಿ ಯಾರೂ ಕಡಲಿಗೆ ಇಳಿಯುವುದಿಲ್ಲ; ಅದು ಕಡಲಿಗೆ ಬಿಡುವಿನ ದಿನ. ನನ್ನ ಗಂಡ ಎಬೊ ಹುಟ್ಟಿದ್ದೂ ಮಂಗಳವಾರವೇ. “ನಾನು ಹುಟ್ಟಿದ ದಿನ ಅಂತ ಕಡಲೂ ಸುಮ್ಮನಿರುತ್ತೆ ಕಣೇ ಆಬಾ,” ಎಂದು ವಾರವಾರವೂ ಹೇಳುತ್ತಿದ್ದ.

ಆ ಮಂಗಳವಾರವೂ ಹೇಳಿದ. ಅಂಗಳದಲ್ಲಿ ಕೂತು ಹರಿದ ಬಲೆ ಹೆಣೆಯುತ್ತಿದ್ದ. ನಾನು ಕೆಡದಿರಲೆಂದು ಮೀನಿಗೆ ಹೊಗೆ ಹಾಕುತ್ತಿದ್ದೆ. ಐವತ್ತು ದಾಟಿದ ಮೇಲೆ ಎಬೊ ಚರ್ಚಿನ ಸಂಜೆಶಾಲೆಗೆ ಸೇರಿ ಇಂಗ್ಲಿಷ್ ಕಲಿಯುತ್ತಿದ್ದ. ಕಲಿತದ್ದನ್ನೆಲ್ಲ ತಂದು ನನ್ನ ತಲೆಗೆ ತುಂಬುತ್ತಿದ್ದ.

“ಹೌ ಆರ್ ಯೂ ಅಂದ್ರೆ ಏನಂತೀಯ?”

“ಹೊಗೆಗೆ ಕಣ್ಣು ಉರೀತಿದೆ ಅಂತೀನಿ.”

“ಥೂ, ಹಂಗನ್ನಬಾರದು. ಫೈನ್ ಅನ್ಬೇಕು. ಚೆನ್ನಾಗಿದೀನಿ ಅಂತ.”

“ಚೆನ್ನಾಗಿಲ್ದಿದ್ರೂ?”

“ಚೆನ್ನಾಗಿಲ್ದಿದ್ರೂ ಮೊದಲು ಅದೇ. ನಮ್ಮಲ್ಲೂ ಹಂಗೇ ಅಲ್ವೇನೇ?”

ಹೌದು, ನಮ್ಮಲ್ಲೂ ಹಾಗೆಯೇ. ಮನೆಗೆ ಬಂದವರನ್ನು ಕೂರಿಸಿ, ನೀರು ಕೊಟ್ಟು, ಬಂದ ಕಾರಣ ಕೇಳುತ್ತಾರೆ. ಸಾವಿನ ಸುದ್ದಿ ತಂದವನೂ ಮೊದಲು ‘ಎಲ್ಲ ತಣ್ಣಗಿದೆ’ ಅನ್ನಬೇಕು. ವಿಷಯ ಆಮೇಲೆ. ಕೆಟ್ಟದ್ದನ್ನು ಬಂದ ಕೂಡಲೇ ಮುಖಕ್ಕೆ ಎಸೆಯುವವನು ಹಿರಿಯರಿಲ್ಲದೆ ಬೆಳೆದವನು.

ಮರುದಿನ ದೋಣಿಯನ್ನು ಮರಳಿಗೆ ಎಳೆಯುವಾಗ ಅಡಿಯ ದಿಮ್ಮಿ ಜಾರಿತು. ದೋಣಿಯ ಮೂತಿ ಎಬೊನ ಹೊಟ್ಟೆಗೆ ಬಡಿಯಿತು. ರಕ್ತ ಬರಲಿಲ್ಲ. ನಡೆದುಕೊಂಡೇ ಆಸ್ಪತ್ರೆಗೆ ಬಂದ; ನಾನು ತೋಳು ಹಿಡಿದಿದ್ದೆ.

ಕಿಟಕಿಯ ಹಿಂದೆ ನರ್ಸ್. ಬೇರೆ ಸೀಮೆಯ ಹುಡುಗಿ, ನಮ್ಮ ಫಾಂಟಿ ಮಾತು ಬಾರದು. “ಹೌ ಆರ್ ಯೂ?” ಅಂದಳು. ಎಬೊ ಟೋಪಿ ತೆಗೆದ. ಬೆನ್ನು ನೆಟ್ಟಗೆ ಮಾಡಿದ. “ಫೈನ್, ಥ್ಯಾಂಕ್ಯೂ,” ಅಂದ. ಇನ್ನು ಬಂದ ಕಾರಣ ಕೇಳುತ್ತಾಳೆಂದು ಕಾದ. ಅವಳು ಕೇಳಲಿಲ್ಲ. ಬೆಂಚು ತೋರಿಸಿದಳು. ನಾನು ಅವನ ಹೊಟ್ಟೆ ಮುಟ್ಟಿ ತೋರಿಸಿ ನಮ್ಮ ಮಾತಲ್ಲೇ ಕೂಗಿದೆ. ನೊಣ ಓಡಿಸುವ ಹಾಗೆ ಕೈ ಬೀಸಿದಳು.

ಹಣೆಯ ಬೆವರು ಕಾಣಲಿಲ್ಲವೇ? ಕಿವಿ ಇದ್ದವಳಿಗೆ ಕಣ್ಣು ಇರಲಿಲ್ಲವೇ?

ಬೆಂಚಿನ ಮೇಲೆ ಎಬೊ ನನ್ನ ಹೆಗಲಿಗೆ ಒರಗಿದ. ಮಧ್ಯಾಹ್ನ ಅವನ ಹೆಸರು ಕರೆದರು. ಏಳಲಿಲ್ಲ. ಹೊಟ್ಟೆಯೊಳಗೇ ರಕ್ತ ತುಂಬಿತ್ತಂತೆ.

“ಅವರೇ ಫೈನ್ ಅಂದ್ರಲ್ಲ,” ಎಂದರು ಆಸ್ಪತ್ರೆಯವರು. ದೊಡ್ಡ ಡಾಕ್ಟರೂ ಅದನ್ನೇ ಅಂದರು, ಬಾಗಿಲು ಕಾಯುವವನೂ ಅದನ್ನೇ ಅಂದ. ನನ್ನ ಗಂಡನ ಸಾವನ್ನು ಅವನ ಬಾಯಿಗೇ ಕಟ್ಟಿಬಿಟ್ಟರು. ಅದನ್ನು ನಾನು ಬಿಡುವುದಿಲ್ಲ.

ಹೂಳಿದ ಮೇಲೆ ಆಸ್ಪತ್ರೆಯಿಂದ ಕ್ವಾನ್ಸಾ ಬಂದ. ಅಲ್ಲಿ ಗುಮಾಸ್ತ, ನಮ್ಮ ತೀರದವನೇ. ಕಂಕುಳಲ್ಲಿ ಜಿನ್ ಬಾಟಲಿ. ರಾಜಿಗೆ ಬಂದವರು ತರುವಂಥದ್ದು. ಕೂರಿಸಿದೆ. ನೀರು ಕೊಟ್ಟೆ. ಕುಡಿದ.

“ಏನು ಬಂದ್ರಿ ಅಣ್ಣಾ?”

“ಎಲ್ಲ ತಣ್ಣಗಿದೆ ತಾಯಿ.”

“ಹಂಗಾದ್ರೆ ಸರಿ. ಅಲ್ಲೇ ಕೂತಿರಿ, ಮಧ್ಯಾಹ್ನ ಕರೀತೀನಿ,” ಎಂದು ನಾನು ಮೀನಿನ ಕಡೆ ತಿರುಗಿದೆ.

ಅವನು ನಕ್ಕ. “ಅಯ್ಯೋ, ಅದು ಶುರುವಿಗೆ ಅನ್ನೋ ಮಾತಲ್ವೇನಮ್ಮಾ? ವಿಷಯ ಇನ್ನೂ ಹೇಳೇ ಇಲ್ಲ.”

“ಹೇಳೋದೇನಿದೆ? ನೀವೇ ತಣ್ಣಗಿದೆ ಅಂದ್ರಲ್ಲ!”

ನಗು ನಿಂತಿತು. ಬಾಟಲಿಯನ್ನು ಮೆಲ್ಲಗೆ ನೆಲಕ್ಕಿಟ್ಟ. ನಾನು ಎತ್ತಿ ಮತ್ತೆ ಅವನ ಕಂಕುಳಿಗೆ ತುರುಕಿದೆ.

“ಈಗ ಅರ್ಥ ಆಯ್ತಲ್ಲ? ಹೋಗಿ ಆ ಹುಡುಗೀಗೆ ಕಲಿಸಿ, ಅವಳ ಡಾಕ್ಟರಿಗೂ ಕಲಿಸಿ. ಎಬೊ ಮರ್ಯಾದೆಗೆ ಅಂದ ಮಾತು ಅದು, ಮುಂದಿಂದು ಕೇಳದೇ ಇದ್ದೋರು ನಾವು ಅಂತ ಅವರೇ ಬಂದು ಈ ಅಂಗಳದಲ್ಲಿ ನಿಂತು ಹೇಳ್ಲಿ. ಆಗ ಬಾಟಲಿ ತಗೋತೀನಿ.”

ಯಾರೂ ಬಂದಿಲ್ಲ.

ಬೆಳಗ್ಗೆ ದಾರಿಯಲ್ಲಿ ಹೋಗುವ ಹೆಂಗಸರು ಹೇಗಿದ್ದೀಯ ಎಂದು ಕೇಳಿದರೆ ‘ಸಿಟ್ಟಲ್ಲಿದೀನಿ’ ಅನ್ನುತ್ತೇನೆ. ಅವರಿಗೆ ಮುಜುಗರ. ಬೇಗ ಬೇಗ ಮುಂದೆ ಹೋಗುತ್ತಾರೆ. ನಾನು ಬಗ್ಗಿ ಹೊಗೆ ಒಲೆಯಿಂದ ನಿನ್ನೆಯ ಬೂದಿ ತೋಡಿ, ಬುಟ್ಟಿಗೆ ತುಂಬಿ, ದಿಬ್ಬದ ಆಚೆ ಸುರಿದು ಬರುತ್ತೇನೆ.