ಪಕ್ಕದ ಮನೆಯ ಮೆಹಂದಿಗೆ ಡಿಜೆ ಬಂದಾಗ

ಸ್ನೇಹಿತರೇ, ಭಾರೀ ಬೇಸ್ ಹಾಕುವ ಡಿಜೆ ಬಂದರೆ ಏನೇನಾಗುತ್ತದೆ ಎಂದು ತಿಳಿಯಲು ಟಿಕೆಟ್ ಬೇಡ, ವೇಣೂರಿನಲ್ಲಿ ನಮ್ಮ ಮನೆಯಲ್ಲಿ ಕೂತರೆ ಸಾಕು. ಇಂದು ಸಂಜೆ ಪಕ್ಕದ ಮನೆಯ ಸದಾನಂದಣ್ಣನ ಮಗಳ ಮೆಹಂದಿ. ಮೊದಲು ಅಡುಗೆಮನೆಯ ಪಾತ್ರೆಗಳು ನಡುಗಿದವು, ಮತ್ತೆ ಗೋಡೆಯಲ್ಲಿದ್ದ ನನ್ನ ಗಂಡನ ಫೋಟೊ. ಅವರು ತೀರಿಕೊಂಡು ಇನ್ನೂ ಎರಡು ತಿಂಗಳಾಗಿಲ್ಲ. ಬಿದ್ದು ಗಾಜು ಒಡೆಯದಿರಲೆಂದು ಹಿಡಿದು ನಿಂತೆ. ಅಷ್ಟರಲ್ಲಿ ಸದಾನಂದಣ್ಣ ಬಂದರು.

“ಅಕ್ಕ, ನಿಮ್ಮ ಮನೆಯಲ್ಲಿ ಹೀಗಾದದ್ದಲ್ವಾ, ಅದಕ್ಕೇ ಹಾಡಿನ ಸೌಂಡ್ ಪೂರಾ ಕಡಿಮೆ ಮಾಡಿಸಿದ್ದೇನೆ. ಬೇಸ್ ಮಾತ್ರ ಉಂಟು.”

“ಅದನ್ನೂ ಕಡಿಮೆ ಮಾಡ್ಲಿಕ್ಕೆ ಆಗುದಿಲ್ವಾ?”

“ಡಿಜೆಗೆ ಕೋಪ ಬರ್ತದೆ ಮಾರಾಯ್ರೆ!”

ಬದುಕಿದ್ದಾಗ ಯಾವ ಮದುವೆಯಲ್ಲೂ ಕುಣಿಯದ ನನ್ನ ಗಂಡನನ್ನು ಡಿಜೆ ಇಂದು ಕುಣಿಸಿಯೇಬಿಟ್ಟ. ಅವರನ್ನು ಹಿಡಿದುಕೊಂಡಿದ್ದ ನನ್ನನ್ನೂ.